ಆಜಿ ಬಂದ ಹಡಗಿನ ನಂಬರು

ನಾಲ್ಕು ತಿಂಗಳು ನಾನು ಹುಡುಕಿದ್ದು ಬೇರೆ ಯಾರನ್ನೋ. ದಾರಿ ತಪ್ಪಿಸಿದ್ದು ಒಂದೇ ಒಂದು ಪದ, ಅಜ್ಜಿ.

ನನ್ನ ಮಗಳು ಮದುವೆಯಾಗಿರುವುದು ಲಂಡನ್ನಿನಲ್ಲಿ ಹುಟ್ಟಿ ಬೆಳೆದ ಹುಡುಗನನ್ನು. ಅವನ ತಾಯಿ, ಅಂದರೆ ನಮ್ಮ ಬೀಗಿತ್ತಿ, ಗಯಾನಾ ದೇಶದ ಬರ್ಬೀಸ್ ಸೀಮೆಯವರು. ತಂದೆ ಬಾರ್ಬಡೋಸ್ ದ್ವೀಪದವರು. ಇಬ್ಬರೂ ಚಿಕ್ಕ ವಯಸ್ಸಿನಲ್ಲೇ ಲಂಡನ್ನಿಗೆ ಬಂದವರು. ಆಕೆ ಆಸ್ಪತ್ರೆಯಲ್ಲಿ ನರ್ಸ್, ಅವರು ಬಸ್ ಕಂಡಕ್ಟರ್. 1956ರಿಂದ ಲಂಡನ್ ಟ್ರಾನ್ಸ್‌ಪೋರ್ಟ್‌ನವರು ಬಾರ್ಬಡೋಸ್‌ಗೇ ಹೋಗಿ ಜನರನ್ನು ಆರಿಸಿ ಕರೆತರುತ್ತಿದ್ದರು. ಪ್ರಯಾಣದ ಖರ್ಚಿಗೆ ಅಲ್ಲಿನ ಸರ್ಕಾರ ಸಾಲ ಕೊಡುತ್ತಿತ್ತು, ಬಂದವರು ಸಂಬಳದಲ್ಲಿ ತೀರಿಸಬೇಕಿತ್ತು. ಬೀಗರು ಹಾಗೆ ಬಂದವರಲ್ಲಿ ಒಬ್ಬರು.

ಅವರು ತೀರಿಕೊಂಡ ವರ್ಷ ಮಹಾಲಯ ಅಮಾವಾಸ್ಯೆಗೆ ನಾನು ಊರಲ್ಲಿದ್ದೆ. ಅವರು ಕ್ರೈಸ್ತರು. ಆದರೂ ಗುರು, ಗೆಳೆಯ, ನೆಂಟ ಎಲ್ಲರಿಗೂ ಎಳ್ಳುನೀರು ಬಿಡುವ ಕ್ರಮ ನಮ್ಮಲ್ಲಿದೆ, ಮನಸ್ಸು ತಡೆಯಲಿಲ್ಲ. ಪುರೋಹಿತರು ಹೆಸರು ಕೇಳಿದರು, ಹೇಳಿದೆ. ಅವರ ತಂದೆ, ಅಜ್ಜ? ಗೊತ್ತಿಲ್ಲ. ನನ್ನ ಕಡೆಯ ಮೂರು ತಲೆಮಾರಿನ ಹೆಸರು ನಾಲಗೆಯ ತುದಿಯಲ್ಲಿರುವಾಗ, ನನ್ನ ಮೊಮ್ಮಗಳಿಗೆ ರಕ್ತ ಕೊಟ್ಟ ಇನ್ನೊಂದು ಮನೆಯವರ ಹೆಸರು ಒಬ್ಬರದಕ್ಕಿಂತ ಹೆಚ್ಚು ಸಿಗಲಿಲ್ಲ. ಮಗಳಿಗೆ ಫೋನ್ ಮಾಡಿದೆ, ಅವಳಿಗೂ ಗೊತ್ತಿಲ್ಲ. ಅಳಿಯನಿಗೂ ಗೊತ್ತಿಲ್ಲ. ಹುಡುಕಾಟ ಶುರುವಾದದ್ದು ಅವತ್ತು.

ನಾನು ಕಂದಾಯ ಇಲಾಖೆಯಲ್ಲಿ 36 ವರ್ಷ ಕೆಲಸ ಮಾಡಿದವನು. 1976ರಲ್ಲಿ ಗುಮಾಸ್ತನಾಗಿ ಸೇರಿ, ತಹಶೀಲ್ದಾರನಾಗಿ, ಕೊನೆಗೆ ಉಪವಿಭಾಗಾಧಿಕಾರಿಯಾಗಿ 2012ರಲ್ಲಿ ನಿವೃತ್ತನಾದೆ. ಮೊದಲ ಕೆಲಸವೇ ದಕ್ಷಿಣ ಕನ್ನಡದಲ್ಲಿ ಭೂ ನ್ಯಾಯಮಂಡಳಿಯ ಫಾರಂ 7, ಅಂದರೆ ಗೇಣಿದಾರರು ಜಮೀನಿನ ಹಕ್ಕು ಕೇಳಿ ಕೊಟ್ಟ ಅರ್ಜಿಗಳನ್ನು ಜೋಡಿಸುವುದು. ಹಳೆಯ ಕಾಗದ ಓದುವುದು ನನಗೆ ಹೊಸದಲ್ಲ. ಒಂದು ದಾಖಲೆ ಕೈಗೆ ಬಂದರೆ ಅದರಲ್ಲಿ ಏನಿದೆ ಎಂದು ನೋಡುವ ಮೊದಲು, ಇದನ್ನು ಯಾರು ಬರೆದರು, ಯಾವ ಕೆಲಸಕ್ಕೆ ಬರೆದರು ಎಂದು ಕೇಳಿಕೊಳ್ಳುವ ಅಭ್ಯಾಸ. ಪಹಣಿ ಬರೆದದ್ದು ಕಂದಾಯಕ್ಕೆ, ವಂಶದ ಕತೆ ಹೇಳಲಿಕ್ಕಲ್ಲ. ಕೆರಿಬಿಯನ್ ಕುಟುಂಬಗಳ ದಾಖಲೆಗಳ ಮುಂದೆ ಕೂತಾಗ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಒಂದು ಅಭ್ಯಾಸವೇ.

ಮೊದಲು ಮಾಡಿದ ಕೆಲಸ, ಬೀಗಿತ್ತಿಯವರ ಮುಂದೆ ಒಂದು ನೋಟ್‌ಬುಕ್ ಹಿಡಿದು ಕೂತದ್ದು. ಬದುಕಿರುವವರನ್ನು ಬಿಟ್ಟು ಕಂಪ್ಯೂಟರಿಗೆ ಕೈ ಹಾಕಬೇಡಿ ಎಂದು ಯಾರು ಕೇಳಿದರೂ ಹೇಳುತ್ತೇನೆ. ಅವರಿಗೆ ಎಂಬತ್ತು ದಾಟಿತ್ತು. ನೆನಪು ಚುರುಕಾಗಿತ್ತು. "ನಮ್ಮ ಆಜಿ ಇಂಡಿಯಾದಿಂದ ಹಡಗಿನಲ್ಲಿ ಒಬ್ಬಳೇ ಬಂದವಳು. ಕಾಲಿನ ಮೇಲೆ ಒಂದು ಗಾಯದ ಕಲೆ ಇತ್ತು. ಬ್ರಾಹ್ಮಣರ ವಿಧವೆ ಅಂತ ಹೇಳುತ್ತಿದ್ದರು" ಎಂದರು. ಆಜಿ! ಏಳು ಸಮುದ್ರದ ಆಚೆಯ ಹೆಂಗಸಿನ ಬಾಯಲ್ಲಿ ನಮ್ಮ ಪದ. ನನಗೆ ಕಣ್ಣು ತುಂಬಿ ಬಂತು. ತಪ್ಪಾದದ್ದೂ ಅಲ್ಲೇ. ನಮಗೆ ತಾಯಿಯ ತಾಯಿಯೂ ಅಜ್ಜಿ, ತಂದೆಯ ತಾಯಿಯೂ ಅಜ್ಜಿ. ಬೀಗಿತ್ತಿ ತಮ್ಮ ತಾಯಿಯ ಬಗ್ಗೆಯೇ ಹೆಚ್ಚು ಮಾತಾಡುತ್ತಿದ್ದರಿಂದ ಇದು ತಾಯಿಯ ತಾಯಿ ಎಂದುಕೊಂಡು ಆ ಕಡೆಯ ಕಾಗದಗಳನ್ನು ತರಿಸುತ್ತಾ ಹೋದೆ.

ಗಯಾನಾಕ್ಕೆ ಹೋದ ಭಾರತೀಯರಲ್ಲಿ ಬಹುಪಾಲು ಜನ ಭೋಜಪುರಿ, ಅವಧಿ ಸೀಮೆಯವರು. ಅವರ ಮಾತಿನಲ್ಲಿ ಆಜಾ, ಆಜಿ ಎಂದರೆ ತಂದೆಯ ತಂದೆ ತಾಯಿ ಮಾತ್ರ. ತಾಯಿಯ ಕಡೆಯವರು ನಾನಾ, ನಾನಿ. ಇಂದಿಗೂ ಗಯಾನಾ, ಟ್ರಿನಿಡಾಡ್ ಮನೆಗಳಲ್ಲಿ ಇಂಗ್ಲಿಷಿನ ನಡುವೆ ಈ ಪದಗಳು ಜಾಗ ತಪ್ಪದೆ ಉಳಿದಿವೆ. ಬೀಗಿತ್ತಿ ನನಗೆ ಮೊದಲ ದಿನವೇ ಪೂರ್ತಿ ವಿಳಾಸ ಕೊಟ್ಟಿದ್ದರು, ನಾನು ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡಿದ್ದೆ. ನಾಲ್ಕು ತಿಂಗಳ ಮೇಲೆ ಒಂದು ದಿನ ಅವರು "ನಾನಿ ಹುಟ್ಟಿದ್ದು ಗಯಾನಾದಲ್ಲೇ ಅಲ್ಲವೇ" ಎಂದಾಗ ನನ್ನ ಪೆನ್ನು ನಿಂತಿತು.

ಇಲ್ಲಿ ಹಿನ್ನೆಲೆ ಸ್ವಲ್ಪ ಹೇಳಬೇಕು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದದ್ದು 1834ರ ಆಗಸ್ಟ್ 1ರಂದು. ಆದರೆ "ಅಪ್ರೆಂಟಿಸ್" ಎಂಬ ಹೆಸರಿನಲ್ಲಿ ಅದೇ ಜನರನ್ನು ಅದೇ ಧಣಿಗಳ ಬಳಿ 1838ರವರೆಗೆ ದುಡಿಸಿದರು. ಅವರು ಪೂರ್ತಿ ಬಿಡುಗಡೆಯಾಗುವ ಹೊತ್ತಿಗೇ ಕಬ್ಬಿನ ಗದ್ದೆಗೆ ಹೊಸ ಆಳು ಬೇಕೆಂದು ಭಾರತದಿಂದ ಕರೆತರುವುದು ಶುರುವಾಗಿತ್ತು. ವಿಟ್ಬಿ, ಹೆಸ್ಪೆರಸ್ ಎಂಬ ಹಡಗುಗಳಲ್ಲಿ ಮೊದಲ ತಂಡ ಬ್ರಿಟಿಷ್ ಗಯಾನಾಕ್ಕೆ ಮುಟ್ಟಿದ್ದು 1838ರ ಮೇ 5ರಂದು. ಈ ಕರಾರು ಕೂಲಿ ಪದ್ಧತಿಯ ಹಡಗುಗಳು ನಿಂತದ್ದು 1917ರಲ್ಲಿ. ಅಷ್ಟರೊಳಗೆ ಗಯಾನಾವೊಂದಕ್ಕೇ ಸುಮಾರು 2,39,000 ಜನ, ಟ್ರಿನಿಡಾಡ್‌ಗೆ ಸುಮಾರು 1,44,000 ಜನ ಹೋಗಿದ್ದರು. ಐದು ವರ್ಷದ ಕರಾರು. ನೂರು ಗಂಡಸರಿಗೆ ನಲವತ್ತು ಹೆಂಗಸರಾದರೂ ಇರಬೇಕೆಂಬ ನಿಯಮವಿತ್ತು, ಹಾಗಾಗಿ ಹಡಗು ಹತ್ತುವ ಮುನ್ನ ಜನರನ್ನು ಇರಿಸುತ್ತಿದ್ದ ಡಿಪೋಗಳಲ್ಲಿ ಒಂಟಿ ಹೆಂಗಸರನ್ನು ಹುಡುಕಿ ಸೇರಿಸಿಕೊಳ್ಳುತ್ತಿದ್ದರು. ಬೀಗಿತ್ತಿಯ ಆಜಿ ಅಂಥವರಲ್ಲಿ ಒಬ್ಬರು.

ಈ ಜನರನ್ನು ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ. ಕರಾರಿನ ಮೇಲೆ ಹೋದ ಪ್ರತಿಯೊಬ್ಬರಿಗೂ ಕೊಟ್ಟ ನಂಬರು ಹಿಡಿದು ಹುಡುಕಬೇಕು. ಹೆಸರು ಬರೆದವನು ಭೋಜಪುರಿ ಬಾರದ ಗುಮಾಸ್ತ, ಅವನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಡಿಪೋದಲ್ಲಿ ಒಂದು ಕಾಗುಣಿತ, ಎಸ್ಟೇಟಿನಲ್ಲಿ ಇನ್ನೊಂದು, ಮಗುವಿನ ಜನನ ನೋಂದಣಿಯಲ್ಲಿ ಮತ್ತೊಂದು. ಮೇಲಾಗಿ ಅವರಲ್ಲಿ ಸರ್‌ನೇಮ್ ಎಂಬುದೇ ಇರಲಿಲ್ಲ. ತಂದೆಯ ಹೆಸರೇ ಮಕ್ಕಳ ಸರ್‌ನೇಮ್ ಆಗಿ, ಮುಂದಿನ ತಲೆಮಾರಿಗೆ ಅದೂ ಬದಲಾಗಿ, ಯಾವುದೋ ಒಂದು ಹಂತದಲ್ಲಿ ಗಟ್ಟಿಯಾಗಿ ಕೂತಿದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಲು ಒದ್ದಾಡಿದ ಕನ್ನಡಿಗರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮದ್ರಾಸಿನಿಂದ ಹೋದವರದೂ ಅದೇ ಕತೆ. ವೀರಸ್ವಾಮಿ ಅಲ್ಲಿ ವೀರಸಾಮಿಯಾಗಿ, ಪೆರುಮಾಳ್ ಪರ್ಮಾಲ್ ಆಗಿ, ನಾಗಮುತ್ತು ನಾಗಮೂಟು ಆಗಿ ಉಳಿದಿದ್ದಾರೆ. ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತ್ಯದಲ್ಲೇ ಇದ್ದವು. ಆ ಹಡಗುಗಳ ಪಟ್ಟಿಗಳನ್ನು ಕನ್ನಡ ಬಲ್ಲ ಯಾರಾದರೂ ಒಮ್ಮೆ ಕೂತು ಓದಬೇಕೆಂಬ ಆಸೆ ನನಗಿದೆ.

ನಂಬರು ಸಿಕ್ಕಿದ್ದು ಬೀಗಿತ್ತಿಯ ತಂದೆಯ ಜನನ ಪತ್ರದಲ್ಲಿ. ಆಜಿ ತಂದೆಯ ತಾಯಿ ಎಂದು ಗೊತ್ತಾದ ಮೇಲೆ ಮುಂದಿನ ಕಾಗದ ಯಾವುದೆಂದು ತಾನಾಗಿಯೇ ಗೊತ್ತಾಯಿತು. ಜಾರ್ಜ್‌ಟೌನ್‌ನಲ್ಲಿರುವ ಬೀಗಿತ್ತಿಯ ಸೋದರಳಿಯ ನೋಂದಣಿ ಕಚೇರಿಗೆ ಹೋಗಿ ನಕಲು ತೆಗೆಸಿ ಫೋಟೋ ಕಳಿಸಿದ. 1912ರ ಜನನ. ತಾಯಿಯ ಹೆಸರಿನ ಪಕ್ಕದಲ್ಲಿ ಒಂದು ನಂಬರು, ಒಂದು ಹಡಗಿನ ಹೆಸರು, ಒಂದು ವರ್ಷ. ತಂದೆಯ ಕಾಲಂ ಖಾಲಿ. ಮಗುವಿನ ಹೆಸರಿನ ಹತ್ತಿರ "ಅಕ್ರಮ ಸಂತಾನ" ಎಂಬ ಷರಾ.

ಫೋಟೋ ನೋಡಿ ಬೀಗಿತ್ತಿಗೆ ಬಹಳ ನೋವಾಯಿತು. ಆಜಾ ಆಜಿ ಜೀವನಪೂರ್ತಿ ಒಟ್ಟಿಗೆ ಬಾಳಿದವರು, ಪಂಡಿತರನ್ನು ಕರೆಸಿ ಮದುವೆಯಾದವರು. ನಾನು ಅವರಿಗೆ ನಮ್ಮ ಕಚೇರಿಯ ಭಾಷೆಯಲ್ಲೇ ಹೇಳಿದೆ: "ಅಮ್ಮಾ, ಇದು ಅವರ ಬಾಳಿನ ಬಗ್ಗೆ ಬರೆದದ್ದಲ್ಲ. ಸರ್ಕಾರದಲ್ಲಿ ನೋಂದಣಿಯಾಗದ ಮದುವೆಯನ್ನು ಕಾನೂನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಅಷ್ಟೇ." ಟ್ರಿನಿಡಾಡ್‌ನಲ್ಲಿ ಹಿಂದೂ ವಿವಾಹಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1940ರ ದಶಕದ ಮಧ್ಯದಲ್ಲಿ. ಕೆರಿಬಿಯನ್ ಭಾರತೀಯರ ಮನೆಗಳಲ್ಲಿ ಈ ಷರಾ ಕಂಡರೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಹುಡುಕುವವರಿಗೆ ಅದರಿಂದ ಒಂದು ಉಪಕಾರವೂ ಆಗಿದೆ. ತಂದೆಯನ್ನು ಬಿಟ್ಟದ್ದರಿಂದ ತಾಯಿಯ ವಿವರವನ್ನೇ ಪೂರ್ತಿ ಬರೆದಿದ್ದಾರೆ.

ಹಡಗಿನ ಹೆಸರಿದ್ದರೆ ಸಾಲದು, ವರ್ಷವೂ ಬೇಕು. ಆ ಕಾಲದ ಬಹಳಷ್ಟು ಹಡಗುಗಳು ನೂರ್ಸ್ ಎಂಬ ಕಂಪನಿಯವು. ಗ್ಯಾಂಜಿಸ್, ಇಂಡಸ್, ಸಟ್ಲೆಜ್ ಎಂದು ಎಲ್ಲಕ್ಕೂ ನದಿಗಳ ಹೆಸರು. ಒಂದೇ ಹಡಗು ವರ್ಷ ಬಿಟ್ಟು ವರ್ಷ ಹೋಗಿ ಬಂದಿದೆ. ಹಡಗು, ವರ್ಷ, ನಂಬರು ಮೂರೂ ಕೈಯಲ್ಲಿದ್ದರೆ ಜಾರ್ಜ್‌ಟೌನ್‌ನ ವಾಲ್ಟರ್ ರಾಡ್ನಿ ರಾಷ್ಟ್ರೀಯ ಪತ್ರಾಗಾರದಲ್ಲಿ ಎಮಿಗ್ರೇಷನ್ ಪಾಸ್, ಅಂದರೆ ಹಡಗು ಹತ್ತುವವರ ವಿವರ ಬರೆದ ಚೀಟಿ, ಕೇಳಬಹುದು. ಟ್ರಿನಿಡಾಡ್‌ನವರಿಗಾದರೆ ಪೋರ್ಟ್ ಆಫ್ ಸ್ಪೇನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿ ವಲಸಿಗರ ರಿಜಿಸ್ಟರುಗಳಿವೆ. ಆಗ ಡಚ್ಚರ ಕೈಯಲ್ಲಿದ್ದ ಸುರಿನಾಮಿಗೆ ಹೋದವರದು ಇನ್ನೂ ಸುಲಭ, ಅವರ ಪಟ್ಟಿಯನ್ನು ನೆದರ್‌ಲ್ಯಾಂಡ್ಸ್‌ನ ರಾಷ್ಟ್ರೀಯ ಪತ್ರಾಗಾರ ಇಂಟರ್ನೆಟ್ಟಿನಲ್ಲೇ ಇಟ್ಟಿದೆ.

ಪಾಸು ಬಂದ ದಿನ ನಾನು ಅದನ್ನು ಎ3 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ಮೇಲೆ ಡಿಪೋ ನಂಬರು, ಕಲ್ಕತ್ತಾ, ತಾರೀಖು. ಕೆಳಗೆ ಅಚ್ಚಾದ ಪ್ರಶ್ನೆಗಳು, ಮಸಿಯಲ್ಲಿ ಉತ್ತರ. ಹೆಸರು. ತಂದೆಯ ಹೆಸರು. ವಯಸ್ಸು 22. ಜಾತಿ. ಜಿಲ್ಲಾ ಬಸ್ತಿ. ಠಾಣಾ. ಗ್ರಾಮ. ಎತ್ತರ 4 ಅಡಿ 11 ಅಂಗುಲ. ದೇಹದ ಗುರುತು: ಎಡಗಾಲಿನ ಮೊಣಕಾಲ ಕೆಳಗೆ ಗಾಯದ ಕಲೆ. ಬೀಗಿತ್ತಿ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಹುಡುಗಿಯಾಗಿದ್ದಾಗ ಆಜಿಯ ಕಾಲಿಗೆ ಎಣ್ಣೆ ತಿಕ್ಕುವಾಗ ಆ ಕಲೆಯ ಮೇಲೆ ಕೈಯಾಡಿಸುತ್ತಿದ್ದರಂತೆ. ಸರ್ಕಾರ ಅದನ್ನು ಬರೆದಿಟ್ಟದ್ದು ಓಡಿಹೋದರೆ ಹಿಡಿಯಲಿಕ್ಕೆ, ಒಬ್ಬರ ಬದಲು ಇನ್ನೊಬ್ಬರು ಹಡಗು ಹತ್ತದಿರಲಿಕ್ಕೆ. ಅದೇ ಸಾಲು ಇವತ್ತು ಆಕೆಯೇ ಈಕೆ ಎಂದು ಸಾಬೀತು ಮಾಡಿತು.

ಜಾತಿಯ ಕಾಲಂನಲ್ಲಿ ಬ್ರಾಹ್ಮಣ ಎಂದಿರಲಿಲ್ಲ. ಅಹೀರ್ ಎಂದಿತ್ತು, ದನ ಕಾಯುವವರು. ಹೇಳಲೋ ಬೇಡವೋ ಎಂದು ನಾನು ಹಿಂದೆ ಮುಂದೆ ನೋಡಿದೆ. ಮನೆಯವರು ನಂಬಿಕೊಂಡು ಬಂದ ಕತೆಯನ್ನು ಹೊರಗಿನವನು ಬಂದು ಒಡೆಯಬಾರದು. ಆದರೆ ಮುಚ್ಚಿಟ್ಟರೆ ಹುಡುಕಿದ್ದಕ್ಕೆ ಅರ್ಥವಿಲ್ಲ. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೇ ಆಜಿಗೆ ಹಸು ಅಂದರೆ ಅಷ್ಟು ಜೀವ" ಎಂದರು. ಕರಾರು ಮುಗಿದ ಮೇಲೆ ಆಜಿ ಮೊದಲು ಕೊಂಡದ್ದು ಒಂದು ಹಸುವಂತೆ. ಎಸ್ಟೇಟಿನ ಮ್ಯಾನೇಜರನ ಮನೆಗೂ ಅವಳದೇ ಹಾಲು ಹೋಗುತ್ತಿತ್ತಂತೆ. ಅದುವರೆಗೆ ಆ ಮಾತನ್ನು ಅವರು ಒಮ್ಮೆಯೂ ಹೇಳಿರಲಿಲ್ಲ. ಕಾಗದ ಮುಂದಿಟ್ಟರೆ ನೆನಪು ತಾನಾಗಿ ಬರುತ್ತದೆ, ಆದ್ದರಿಂದ ಒಂದೊಂದು ದಾಖಲೆ ಸಿಕ್ಕಿದ ಮೇಲೂ ಮತ್ತೆ ಹೋಗಿ ಹಿರಿಯರ ಮುಂದೆ ಕೂರಬೇಕು.

ಬೀಗರ ಕಡೆಯದು ಇದಕ್ಕಿಂತ ಕಷ್ಟದ ದಾರಿ. ಬಾರ್ಬಡೋಸ್ ನಮ್ಮ ಒಂದು ತಾಲ್ಲೂಕಿಗಿಂತ ಚಿಕ್ಕದು, ಸುಮಾರು 430 ಚದರ ಕಿಲೋಮೀಟರ್, ಅದರಲ್ಲಿ 11 ಪ್ಯಾರಿಷ್, ಅಂದರೆ ಆಡಳಿತದ ವಿಭಾಗಗಳು. ಜನನ ನೋಂದಣಿ 1890ರಿಂದ ಇದೆ, ಅದಕ್ಕೆ ಹಿಂದಿನದು ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳಲ್ಲಿ. ಫ್ಯಾಮಿಲಿಸರ್ಚ್ ಎಂಬ ವಂಶಾವಳಿಯ ವೆಬ್‌ಸೈಟಿನಲ್ಲಿ ಇವನ್ನು ಕಾಸು ಕೊಡದೆ ನೋಡಬಹುದು. ಬೀಗರ ಮುತ್ತಜ್ಜನವರೆಗೆ ಹೀಗೆ ಹೋದೆ. ಆತ ಪನಾಮಾ ಕಾಲುವೆ ಅಗೆಯಲು ಹೋಗಿ ಮರಳಿ ಬಂದವನು. 1904ರಿಂದ 1914ರವರೆಗೆ ಬಾರ್ಬಡೋಸ್‌ನ ಸಾವಿರಾರು ಗಂಡಸರು ಅಲ್ಲಿಗೆ ಹೋದರು. ಅಮೆರಿಕದವರು ಬಿಳಿಯರಿಗೆ ಚಿನ್ನದ ಪಟ್ಟಿ, ಕರಿಯರಿಗೆ ಬೆಳ್ಳಿಯ ಪಟ್ಟಿ ಎಂದು ಎರಡು ಸಂಬಳದ ಪುಸ್ತಕ ಇಟ್ಟಿದ್ದರು. ಪ್ರತಿ ಕೂಲಿಗೂ ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ನಂಬರು. ಬೀಗರ ಕಪಾಟಿನಲ್ಲಿ ಅವರ ಕಂಡಕ್ಟರ್ ಬ್ಯಾಡ್ಜ್ ಇದೆ, ಅದರ ಮೇಲೂ ನಂಬರು. ಎರಡನ್ನೂ ನೋಟ್‌ಬುಕ್ಕಿನ ಒಂದೇ ಪುಟದಲ್ಲಿ ಬರೆದುಕೊಂಡೆ.

1834ಕ್ಕೆ ಹಿಂದೆ ಹೋದರೆ ಮನುಷ್ಯರು ಮನುಷ್ಯರ ಪಟ್ಟಿಯಲ್ಲಿ ಇಲ್ಲ, ಆಸ್ತಿಯ ಪಟ್ಟಿಯಲ್ಲಿದ್ದಾರೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಟಿ 71 ಎಂಬ ಗುರುತಿನಡಿ ಗುಲಾಮರ ರಿಜಿಸ್ಟರುಗಳಿವೆ. ಆಫ್ರಿಕಾದಿಂದ ಸಾಗಿಸುವುದನ್ನು 1807ರಲ್ಲಿ ನಿಷೇಧಿಸಿದ ಮೇಲೆ ಕಳ್ಳತನದಲ್ಲಿ ಹೊಸಬರನ್ನು ತರುತ್ತಿದ್ದಾರೋ ಎಂದು ನೋಡಲು, ಇದ್ದವರನ್ನೆಲ್ಲ ಬರೆಸಬೇಕೆಂದಾಯಿತು. ಬಾರ್ಬಡೋಸ್‌ನ ಧಣಿಗಳು ಅದನ್ನು ಜೋರಾಗಿ ವಿರೋಧಿಸಿದರು. ಧಣಿಗಳು ಇಷ್ಟು ಕೂಗಾಡುತ್ತಿದ್ದಾರೆಂದರೆ ನಮಗೆ ಬಿಡುಗಡೆಯೇ ಬಂದಿರಬೇಕು ಎಂಬ ಸುದ್ದಿ ಗುಲಾಮರಲ್ಲಿ ಹಬ್ಬಿತು. 1816ರ ಈಸ್ಟರ್ ಹೊತ್ತಿಗೆ ಸೇಂಟ್ ಫಿಲಿಪ್ ಪ್ಯಾರಿಷ್‌ನಲ್ಲಿ ಬುಸ್ಸಾ ಎಂಬವನ ಹೆಸರಿನಲ್ಲಿ ಇಂದಿಗೂ ನೆನೆಯುವ ದಂಗೆಯಾಯಿತು, ನೂರಾರು ಜನ ಸತ್ತರು. ಮಾರನೆಯ ವರ್ಷ, 1817ರಲ್ಲಿ, ಮೊದಲ ರಿಜಿಸ್ಟರು. ಬೀಗರ ಕುಟುಂಬ ಅದೇ ಸೇಂಟ್ ಫಿಲಿಪ್‌ನದು. ಆ ಪುಟಗಳನ್ನು ತಿರುಗಿಸುವಾಗ ಇದು ನನ್ನ ಮನಸ್ಸಿನಿಂದ ಹೋಗಲಿಲ್ಲ.

ಪುಟದಲ್ಲಿ ಧಣಿಯ ಹೆಸರು ಮೇಲೆ. ಕೆಳಗೆ ಒಂದೊಂದೇ ಹೆಸರು, ಗಂಡೋ ಹೆಣ್ಣೋ, ವಯಸ್ಸು, ಬಣ್ಣ, ಅಲ್ಲೇ ಹುಟ್ಟಿದವರೋ ಆಫ್ರಿಕಾದವರೋ. ಸರ್‌ನೇಮ್ ಇಲ್ಲ. ಹೆಸರುಗಳನ್ನು ಓದುತ್ತಾ ಓದುತ್ತಾ ನನಗೆ ಮೈ ಜುಮ್ಮೆಂದಿತು. ಕ್ವಾಶಿ, ಕಡ್ಜೋ, ಕ್ವಾಕೋ, ಕಫೀ, ಜೂಬಾ, ಫಿಬಾ. ಇವು ಇಂದಿನ ಘಾನಾ ಕಡೆಯ ಅಕನ್ ಜನರ ವಾರದ ಹೆಸರುಗಳು. ಕ್ವಾಶಿ ಭಾನುವಾರ ಹುಟ್ಟಿದವನು, ಕಡ್ಜೋ ಸೋಮವಾರ, ಕ್ವಾಕೋ ಬುಧವಾರ, ಕಫೀ ಶುಕ್ರವಾರ. 1976ರಲ್ಲಿ ನಾನು ಜೋಡಿಸುತ್ತಿದ್ದ ಫಾರಂ 7ರ ಕಂತೆಗಳಲ್ಲಿ ಇಂಥವೇ ಹೆಸರುಗಳಿದ್ದವು: ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ. ತುಳುನಾಡಿನಲ್ಲಿ ಮಣ್ಣಿನ ಕೆಲಸ ಮಾಡಿದವರ ಹೆಸರುಗಳು. ತಂದೆಯ ಹೆಸರಿನ ಜಾಗದಲ್ಲಿ ಎಷ್ಟೋ ಸಲ ಭೂಮಾಲೀಕರ ಮನೆಯ ಹೆಸರನ್ನೇ ಬರೆಸುತ್ತಿದ್ದರು. ಕ್ಯೂನಲ್ಲಿ ಸ್ಕ್ರೀನಿನ ಮುಂದೆ ಕೂತು ನಾನು ಕಫೀ ಎಂದು ಬರೆದುಕೊಂಡು ಪಕ್ಕದಲ್ಲಿ ಕನ್ನಡದಲ್ಲಿ ತುಕ್ರ ಎಂದು ಬರೆದೆ.

ಹೀಗೆ ಒಂಟಿ ಹೆಸರು ಇದ್ದಾಗ ಒಬ್ಬರನ್ನು ಗುರುತಿಸುವುದು ಹೇಗೆ? ತೋಟದ ಹೆಸರು, ವಯಸ್ಸು, ಪ್ಯಾರಿಷ್ ಈ ಮೂರನ್ನು ಜೋಡಿಸಬೇಕು. ಬಿಡುಗಡೆಯ ನಂತರದ ಚರ್ಚಿನ ಪುಸ್ತಕದಲ್ಲಿ ಕೆಲವು ಕಡೆ ವಾಸದ ಜಾಗವಾಗಿ ತೋಟದ ಹೆಸರನ್ನೇ ಬರೆದಿದ್ದಾರೆ. ಸರ್‌ನೇಮ್ ನೋಡಿ ಇವನ ಧಣಿ ಇಂಥವನೇ ಎಂದು ತೀರ್ಮಾನಿಸಬಾರದು, ಬಿಡುಗಡೆಯಾದವರು ತಮಗೆ ಬೇಕಾದ ಹೆಸರನ್ನೂ ಇಟ್ಟುಕೊಂಡಿದ್ದಾರೆ. ತೋಟದ ಮಾಲೀಕ ಯಾರೆಂದು ತಿಳಿಯಲು ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು ಮಾಡಿರುವ, ಗುಲಾಮರ ಧಣಿಗಳಿಗೆ ಕೊಟ್ಟ ಪರಿಹಾರದ ದತ್ತಾಂಶ ಬಹಳ ಉಪಯೋಗವಾಯಿತು. ಬಿಡುಗಡೆಗೆಂದು ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಪೂರ್ತಿ ಧಣಿಗಳಿಗೆ. ದುಡಿದವರಿಗೆ ಒಂದು ಕಾಸಿಲ್ಲ. ಭೂಸ್ವಾಧೀನದ ಪರಿಹಾರ ಹಂಚಿದ ಅನುಭವ ನನಗಿದೆ, ಕಣ್ಣೆದುರು ಗೇಣಿದಾರನನ್ನು ಬಿಟ್ಟು ಕಾಗದದಲ್ಲಿರುವವನಿಗೆ ಕೊಡಬೇಕಾಗಿ ಬಂದಾಗ ಊಟ ಸೇರದ ದಿನಗಳೂ ಇವೆ. ಆದರೆ ಆ ಪಟ್ಟಿ ನೋಡಿದಾಗ ಆದ ಸಂಕಟವೇ ಬೇರೆ.

1834ರ ರಿಜಿಸ್ಟರಿನಲ್ಲಿ, ಬೀಗರ ಮನೆಯವರು ಮುಂದೆ ವಾಸವಿದ್ದ ಅದೇ ತೋಟದಲ್ಲಿ, ಫಿಬಾ ಎಂಬ ಹುಡುಗಿ ಇದ್ದಾಳೆ. ಶುಕ್ರವಾರದವಳು. ವಯಸ್ಸು 7. ಆಗಸ್ಟ್ 1ಕ್ಕೆ ಆರು ವರ್ಷ ತುಂಬದ ಮಕ್ಕಳು ಮಾತ್ರ ಅವತ್ತೇ ಬಿಡುಗಡೆಯಾದರು, ಆರು ದಾಟಿದವರು ಅಪ್ರೆಂಟಿಸ್. ಒಂದೇ ವರ್ಷದ ವ್ಯತ್ಯಾಸದಲ್ಲಿ ಇವಳು ಇನ್ನೂ ನಾಲ್ಕು ವರ್ಷ ಧಣಿಯ ಕೈಕೆಳಗೇ ಉಳಿದಳು. ಇವಳೇ ಬೀಗರ ಮುತ್ತಜ್ಜನ ತಾಯಿಯ ತಾಯಿ ಇರಬೇಕು ಎಂದು ವಯಸ್ಸು, ಜಾಗ ಎರಡೂ ಹೇಳುತ್ತವೆ. ಆದರೆ ಇವಳನ್ನೂ ಅವರನ್ನೂ ಕೂಡಿಸುವ ಕಾಗದ ಸಿಕ್ಕಿಲ್ಲ. ನನ್ನ ವಂಶವೃಕ್ಷದಲ್ಲಿ ಸಾಬೀತಾದದ್ದು ಮಸಿಯಲ್ಲಿ, ಸಾಧ್ಯತೆ ಪೆನ್ಸಿಲ್ಲಿನಲ್ಲಿ. ಫಿಬಾ ಪೆನ್ಸಿಲ್ಲಿನಲ್ಲಿದ್ದಾಳೆ. ಆಸೆಗೆ ಬಿದ್ದು ಮಸಿಯಲ್ಲಿ ಬರೆದ ಮರಗಳನ್ನು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿ ಸುಳ್ಳು ಊರೆಲ್ಲ ಹರಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕಳೆದ ಮಹಾಲಯಕ್ಕೆ ಬೀಗರ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರನ್ನೂ ಪುರೋಹಿತರಿಗೆ ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಎರಡು ಸಲ ಓದಿ ಉಚ್ಚಾರ ಸರಿ ಮಾಡಿಕೊಂಡರು.

ಈಗ ಉಳಿದಿರುವುದು ಬಸ್ತಿ. ಆಜಿಯ ಪಾಸಿನಲ್ಲಿರುವ ಜಿಲ್ಲೆ ಈಗ ಮೂರಾಗಿದೆ, 1988ರಲ್ಲಿ ಸಿದ್ಧಾರ್ಥನಗರ, 1997ರಲ್ಲಿ ಸಂತ ಕಬೀರ ನಗರ ಬೇರೆಯಾದವು. ಪಾಸಿನಲ್ಲಿರುವ ಗ್ರಾಮದ ಹೆಸರಿನ ಹಳ್ಳಿಗಳು ಐದಿವೆ. ಠಾಣೆಯ ಹೆಸರು ಇದ್ದದ್ದರಿಂದ, ನಾವು ಹೋಬಳಿ ಹಿಡಿದು ಗ್ರಾಮ ಹುಡುಕುವಂತೆ, ಎರಡಕ್ಕೆ ಇಳಿಸಿದ್ದೇನೆ. ಚಳಿಗಾಲ ಕಳೆದ ಮೇಲೆ ಎರಡಕ್ಕೂ ಹೋಗುವುದು. ಪಾಸಿನ ಕೊನೆಯಲ್ಲಿ ಹತ್ತಿರದ ಸಂಬಂಧಿ ಎಂಬಲ್ಲಿ ಆಜಿಯ ಅಣ್ಣನ ಹೆಸರಿದೆ. ಅವನ ಮನೆಯವರು ಈಗಲೂ ಅಲ್ಲಿದ್ದಾರೋ ನೋಡಿ ಬನ್ನಿ ಎಂದು ಬೀಗಿತ್ತಿ ಹೇಳಿದ್ದಾರೆ. ಹಳ್ಳಿಗೆ ನೇರ ಹೋಗದೆ ಮೊದಲು ಅಲ್ಲಿನ ಲೇಖಪಾಲರನ್ನು, ಅಂದರೆ ನಮ್ಮ ಗ್ರಾಮಲೆಕ್ಕಿಗರಂಥವರನ್ನು, ಕಾಣುತ್ತೇನೆ. ನೂರು ವರ್ಷದ ಹಳೆಯ ಕಾಗದ ಹಿಡಿದು ಅಪರಿಚಿತ ಬಂದರೆ ಮನೆಯವರಿಗೆ ಮೊದಲು ಬರುವ ಭಯ ಯಾವುದೆಂದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಬೀಗಿತ್ತಿಯ ಕೈಯಲ್ಲಿ ಒಂದು ಪತ್ರ ಬರೆಸಿಕೊಂಡು ಹಿಂದಿಗೆ ಅನುವಾದ ಮಾಡಿಸಿ ಇಟ್ಟುಕೊಂಡಿದ್ದೇನೆ. ಅದರ ಮೊದಲ ಸಾಲು: "ನಾವು ಜಮೀನಿನ ಪಾಲು ಕೇಳಲು ಬಂದವರಲ್ಲ, ನಿಮ್ಮ ಮನೆಯ ಮಗಳು ಎಲ್ಲಿಗೆ ಹೋದಳೆಂದು ಹೇಳಲು ಬಂದಿದ್ದೇವೆ."